ಎರಡನೆಯ ಸಾಲು

ಬಲ್ಲಾರಟ್, ಜುಲೈ. ಕಿಟಕಿಯ ಗಾಜಿಗೆ ಇಬ್ಬನಿ ಹೆಪ್ಪುಗಟ್ಟಿದೆ.
ಗದ್ದ ಇಲ್ಲಿಡಿ ಎನ್ನುತ್ತೇನೆ; ಟ್ರೆವಾಸ್ಕಿಸ್ ಮುದುಕ
ಕ್ಷೌರಕ್ಕೆ ಕೂತವನಂತೆ ಇಡುತ್ತಾನೆ.

ಸೀಳುಬೆಳಕಿನಲ್ಲಿ ಕಾಣುತ್ತದೆ
ರೆಪ್ಪೆಯ ಹಿಂದೆ ಇನ್ನೊಂದು ಸಾಲು,
ಒಳಮುಖವಾಗಿ ಹುಟ್ಟಿದ ಬಿಳಿಚು ಕೂದಲು.
ಕಣ್ಣನ್ನು ರೆಪ್ಪೆ ಕಾದಂತೆ ಕಾದಳು ಎನ್ನುತ್ತೇವೆ ನಮ್ಮಲ್ಲಿ.
ಇವನೆದುರು ಆ ಮಾತು ಬಾಯಿಗೆ ಬರುವುದಿಲ್ಲ:
ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಚಿಮಟ. ಒಂದು. ಮತ್ತೊಂದು. ಆತ ಅಲುಗುವುದಿಲ್ಲ, ರೂಢಿ.
“ಶನಿವಾರ ರಾತ್ರಿ ಅಮ್ಮ ಕೀಳುತ್ತಿದ್ದಳು,
ಸ್ನಾನವಾದ ಮೇಲೆ, ಒಲೆಯ ಪಕ್ಕ ಕೂರಿಸಿ.
ಅವಳದ್ದನ್ನು ಅಪ್ಪ. ರೈಲು ಶೆಡ್ಡಿನಲ್ಲಿ ಕಬ್ಬಿಣ ಬಡಿದ ಕೈ,
ಅಷ್ಟು ಸಣ್ಣದಕ್ಕೆ ನಡುಗುತ್ತಿತ್ತು.”
ತಂಗಿ ವಿನಿಫ್ರೆಡ್‌ಗೂ ಇತ್ತಂತೆ.
ಹತ್ತೊಂಬತ್ತಕ್ಕೆ ಟೆನಿಸ್ ಅಂಗಳದಲ್ಲಿ ಕುಸಿದಳಂತೆ,
ಹುಟ್ಟಿನಿಂದ ಎದೆಯಲ್ಲೊಂದು ತೂತು.
ರೆಪ್ಪೆಗೂ ಎದೆಗೂ ಬೇರು ಒಂದೇ ಎಂದು
ಆಗ ಯಾರಿಗೆ ಗೊತ್ತಿತ್ತು?
ಎರಡು ದುರದೃಷ್ಟ ಎಂದುಕೊಂಡರು, ಬೇರೆ ಬೇರೆಯಾಗಿ ಅತ್ತರು.

ಇವತ್ತು ಒಬ್ಬನೇ ಬಂದಿಲ್ಲ. ತಳ್ಳುಗಾಡಿಯಲ್ಲಿ
ಮೊಮ್ಮಗಳ ಮಗು, ಏಳು ತಿಂಗಳು, ಹೆಸರು ಲೊವೆನ್ನಾ.
“ಇವಳದ್ದೂ ನೋಡಿಬಿಡಿ” ಎನ್ನುತ್ತಾನೆ, ನನ್ನತ್ತ ನೋಡದೆ.
ನಿದ್ದೆಯ ರೆಪ್ಪೆಯನ್ನು ಕಿರುಬೆರಳಲ್ಲಿ ಎತ್ತುತ್ತೇನೆ.
ಮೂರು. ನಾಲ್ಕಿರಬಹುದು. ಮೆತ್ತಗಿವೆ, ಇನ್ನೂ ಚುಚ್ಚಲು ಕಲಿತಿಲ್ಲ.
ಎದೆಯ ಸ್ಕ್ಯಾನಿಗೆಂದು ಮೆಲ್ಬರ್ನಿಗೆ ಚೀಟಿ ಬರೆಯುತ್ತೇನೆ,
ಅಕ್ಷರ ಸ್ವಲ್ಪ ಕೆಟ್ಟಿದೆ.

ಹತ್ತಿಯ ಮೇಲೆ ಅವನ ಹನ್ನೊಂದು ಕೂದಲು.
ಉದುರಿದ ರೆಪ್ಪೆಯನ್ನು ಮುಷ್ಟಿಯ ಮೇಲಿಟ್ಟು
ಬೇಡಿಕೊಂಡು ಊದುತ್ತಿದ್ದೆವು, ಚಿಕ್ಕವರಿದ್ದಾಗ, ಹಾಸನದಲ್ಲಿ.
ಕಿತ್ತದ್ದು ಲೆಕ್ಕಕ್ಕಿಲ್ಲ, ತಾನಾಗಿ ಉದುರಬೇಕು, ಅದು ನಿಯಮ.
ಇವನಿಗೆ ಯಾರು ಹೇಳಿದರೋ,
ಹತ್ತಿಯನ್ನೇ ಎತ್ತಿಕೊಂಡು, ಕಣ್ಣು ಮುಚ್ಚಿ,
ಎಲ್ಲವನ್ನೂ ಒಮ್ಮೆಲೇ ಊದಿಬಿಡುತ್ತಾನೆ.

ಒಂದು ನನ್ನ ಕನ್ನಡಕಕ್ಕೆ ಅಂಟಿದೆ.