ಹೊಗೆಗೂ ದಂಬೆ

ಬಂದರಿನ ಹಿಂದಿನ ಗಲ್ಲಿಯಲ್ಲಿ ಮೂವತ್ತೊಂದು ಮಳೆಗಾಲ
ನಾನು ಮಾಡಿದ್ದು ದಂಬೆ ಮಾತ್ರ.
ತಗಡು ಮಡಚಿ, ರಿವೆಟ್ ಬಡಿದು,
ಮಾಡಿನ ನೀರಿಗೆ ಅಂಗಳದ ದಾರಿ ತೋರಿಸುವುದು.
ದೊಡ್ಡ ವಿದ್ಯೆಯೇನಲ್ಲ. ಬೀಳುವುದು ನೀರಿಗೆ ಗೊತ್ತೇ ಉಂಟು,
ಎಲ್ಲಿ ಅಂತ ಹೇಳಿದವನು ನಾನು, ಅಷ್ಟೆ.

ಎಲ್ಫ್ರೀಡಾ ಬಾಯಿ ಬಂದದ್ದು ಮೇ ತಿಂಗಳ ನಡುಮಧ್ಯಾಹ್ನ.
"ಮಯ್ಯದ್ದಿ, ನನ್ನ ಕೋಣೆಗೆ ಅಗ್ಗಿಷ್ಟಿಕೆ ಕಟ್ಟಿಸಿದ್ದೇನೆ.
ಗಾರೆಯವನು ಗೂಡು ಮುಗಿಸಿ ಹೋದ.
ಹೊಗೆಯ ಕೆಲಸ ನಿನ್ನದು."
ನಕ್ಕುಬಿಟ್ಟೆ. ಮಂಗಳೂರಿನಲ್ಲಿ ಬೆಂಕಿ ಕಾಯಿಸುವುದೆಂದರೆ
ಬಂಗುಡೆಗೆ ಕೊಡೆ ಹಿಡಿದ ಹಾಗೆ.

ಅವರು ನಗಲಿಲ್ಲ. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು
ಒಂದು ಪಿಟೀಲಿನ ಕತ್ತು.
ಮೈಯಿಂದ ಕಳಚಿ ಬಂದದ್ದು, ಸಂದಿಯಲ್ಲಿ ಹಸಿರು ಬೂಷ್ಟು.
"ಆಟಿ ತಿಂಗಳಲ್ಲಿ ಅಂಟು ಒಣಗುವುದಿಲ್ಲ ಮಾರಾಯ.
ಕುಲಶೇಖರದಿಂದ ಶಿರ್ವದವರೆಗೆ ಇಗರ್ಜಿಗಳ ಪಿಟೀಲೆಲ್ಲ
ವಾಸಿಯಾಗಲು ನನ್ನಲ್ಲಿಗೆ ಬರುತ್ತವೆ,
ಬಂದು ಇನ್ನೊಂದು ನೆಗಡಿ ಹಿಡಿಸಿಕೊಳ್ಳುತ್ತವೆ."

ಕೊಯಮತ್ತೂರಿನಿಂದ ಲಾರಿಯಲ್ಲಿ ಬಂತು ಚಿಮಣಿ.
ಕೊಳವೆಯೊಳಗೊಂದು ಕೊಳವೆ, ನಡುವೆ ಬಿಳಿ ಉಣ್ಣೆಯಂಥದ್ದು.
ಹೊಟ್ಟೆಯಲ್ಲಿ ಉರಿ ಇದ್ದರೂ ಮೈ ಮುಟ್ಟಿದರೆ ಬೆಚ್ಚಗೆ, ಅಷ್ಟೆ.
(ಅಂಥ ಕೆಲವರ ಪರಿಚಯ ನನಗುಂಟು.)
ಸೋವಿ ಸ್ಟೀಲು ಕಡಲ ಉಪ್ಪಿಗೆ ಎರಡೇ ವರ್ಷದಲ್ಲಿ ಜರಡಿ,
ಹಟ ಹಿಡಿದು ಒಳ್ಳೆಯದನ್ನೇ ತರಿಸಿದ್ದೆ.
ಹದಿನಾಲ್ಕು ಹಂಚು ತೆಗೆದೆವು. ಮೂರು ರೀಪು ಕೊಯ್ದೆವು.
ಅಳಿಯ ತೌಸೀಫ್ ಕೆಳಗೆ ನಿಂತು ಕಾಗದ ಓದುತ್ತಿದ್ದ:
ಮರಕ್ಕೂ ಕೊಳವೆಗೂ ನಡುವೆ ನಾಲ್ಕು ಬೆರಳು ಖಾಲಿ,
ಮಾಡಿನ ನೆತ್ತಿಗಿಂತ ಎರಡಡಿ ಮೇಲೆ ಬಾಯಿ,
ಬಾಯಿಗೆ ಟೊಪ್ಪಿ.
ತೂತಿನ ಸುತ್ತ ಸೀಸದ ತಗಡು ಬಡಿದು ಕೂರಿಸಿದೆ,
ಮಳೆಗೆ ಸಂದು ಸಿಗದ ಹಾಗೆ. ಅದು ನನ್ನ ಹಳೆಯ ವಿದ್ಯೆ.

ಜೋಡಿಸುವ ಹೊತ್ತಿಗೆ ಮಾತ್ರ ಕಾಗದ ಕೇಳಲಿಲ್ಲ.
ದಂಬೆಯಲ್ಲಿ ಮೇಲಿನ ತುಂಡು ಕೆಳಗಿನದರ ಒಳಗೆ;
ನೀರು ಇಳಿಯುತ್ತದಲ್ಲ.
ಹೊಗೆ ಏರುತ್ತದೆ.
ಹಾಗಾದರೆ ಕೆಳಗಿನದು ಮೇಲಿನದರ ಒಳಗೆ.
ನ್ಯಾಯ ಅಲ್ಲವೇ?
"ಮಾಮ, ಚಿತ್ರದಲ್ಲಿ ಬೇರೆ ಉಂಟು" ಅಂದ ತೌಸೀಫ್.
ಚಿತ್ರ ಬರೆದವ ದಂಬೆ ಕಟ್ಟಿದ್ದಾನಾ ಕೇಳು, ಅಂದೆ.

ಜೂನ್ ಹತ್ತಕ್ಕೆ ಫೋನು:
"ಮಯ್ಯದ್ದಿ, ನಿನ್ನ ಹೊಗೆ ಸೋರುತ್ತದೆ."

ಹೋಗಿ ನೋಡಿದರೆ ಹೌದು. ಸಂದು ಸಂದಿನಿಂದ
ಕಪ್ಪು ಬೆಲ್ಲದ ಪಾಕದಂತೆ ಇಳಿದು
ಹೊಸ ಸುಣ್ಣದ ಗೋಡೆಯ ಮೇಲೆ ಆರು ಗೆರೆ.
ಮೇಲೆ ಹೋಗಿ ತಣ್ಣಗಾದರೆ ಹೊಗೆಯೂ ಬೆವರುತ್ತದಂತೆ.
ಆ ಬೆವರು ಬಂದ ದಾರಿಯಲ್ಲೇ ವಾಪಸು,
ನೀರಿನ ಹಾಗೆಯೇ, ಮೇಲಿಂದ ಕೆಳಕ್ಕೆ.
ಮೂವತ್ತೊಂದು ವರ್ಷ ಗೊತ್ತಿದ್ದದ್ದನ್ನು
ಒಂದು ಮಧ್ಯಾಹ್ನ ಬೇಕೆಂದೇ ಮರೆತಿದ್ದೆ.

ಗೋಣಿ ಹೊದ್ದು, ಸುರಿಯುವ ಮಳೆಯಲ್ಲಿ,
ಒಂದೊಂದೇ ತುಂಡು ಬಿಚ್ಚಿ ತಿರುಗಿಸಿದೆ.
ತೌಸೀಫ್ ಒಂದು ಮಾತೂ ಆಡಲಿಲ್ಲ.
ಆಡಿದ್ದರೆ ಬೈದು ಹಗುರಾಗುತ್ತಿದ್ದೆ.
ಸುಣ್ಣಕ್ಕೆ ನನ್ನದೇ ದುಡ್ಡು. ಐದು ಗೆರೆ ಹೋಯಿತು,
ಆರನೆಯದನ್ನು "ಇರಲಿ ಬಿಡು" ಅಂದರು ಬಾಯಿ.
ಯಾಕೆ ಅಂತ ನಾನು ಕೇಳಲಿಲ್ಲ.

ಆಟಿಯಲ್ಲೊಂದು ಬಿಸಿಲು ಬಿದ್ದ ಬೆಳಿಗ್ಗೆ ಟೊಪ್ಪಿ ತೊಳೆಯಲು ಹತ್ತಿದೆ.
ಬೆಂಕಿ ನಿನ್ನೆಯದು, ಆರಿತ್ತು.
ಕೆಳಗೆ ಕೋಣೆಯಲ್ಲಿ ಹಗ್ಗಕ್ಕೆ ಸಾಲಾಗಿ ಪಿಟೀಲುಗಳು,
ಒಣಮೀನು ತೂಗು ಹಾಕಿದ ಹಾಗೆ.
ಟೊಪ್ಪಿ ತೆಗೆದದ್ದೇ ತಡ
ಕೊಳವೆಯಿಂದ ಒಂದು ತಂತಿಯ ಸದ್ದು ಮೇಲೆ ಬಂತು.
ಶ್ರುತಿ ಸೇರುತ್ತಿಲ್ಲ. ಬಿರಡೆ ತಿರುಗಿತು. ಮತ್ತೆ ಅದೇ ತಂತಿ.
ಮತ್ತೆ. ಈಗ ಸೇರಿತೋ ಏನೋ,
ಕಿವಿಯನ್ನು ಚಿಮಣಿಯ ಬಾಯಿಗೇ ಒತ್ತಿ ಕುಳಿತೆ.

ಮನೆಯಲ್ಲಿ ಬೀಫಾತಿಮ್ಮ ಸೆರಗು ಒದ್ದೆ ಮಾಡಿ ಹಿಡಿದಳು:
"ಇದೆಂಥದ್ದು, ಕಿವಿಗೆ ಕಪ್ಪು?"