ಪ್ಯಾಂಟಿಗೆ ಎಷ್ಟು ತೂತು

ಕೌಲ್‌ಬಜಾರಿನ ನಮ್ಮ ಓಣಿಯ ಮೋರಿ
ವಾರಕ್ಕೆ ಆರು ದಿನ ನೀಲಿ,
ಶುಕ್ರವಾರ ಮೋರಿಗೂ ರಜೆ.
ಆ ನೀಲಿಯ ಪಕ್ಕ ಕೂತೇ ನಾನು ಟೋಪಾಲಜಿ ಓದಿದ್ದು.

ಅಬ್ಬಾ ಹೊನ್ನೂರವಲಿ ಹನ್ನೊಂದು ಮಷೀನಿನ ಯಜಮಾನ;
ಓಡುವುದು ಏಳು.
ಮಗಳು ಏನು ಓದ್ತಾಳೆ ಎಂದು ಕೇಳಿದವರಿಗೆ
"ಎಷ್ಟು ಎಳೆದರೂ ಕೆಡದೆ ಉಳಿಯೋದು ಏನೈತೋ, ಅದನ್ನ" ಅನ್ನುತ್ತಾನೆ.
ಸ್ಟ್ರೆಚ್ ಡೆನಿಮ್ ಇರಬೇಕೆಂದು
ತಲೆಯಾಡಿಸಿ ಹೋಗುತ್ತಾರೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ
ಏಳೂ ಒಟ್ಟಿಗೆ ಸುಮ್ಮನಾದಾಗ
ಕಟಿಂಗ್ ಮಾಸ್ತರ್ ತಿಪ್ಪೇರುದ್ರ ಕೇಳಿದ:
"ಹೇಳವ್ವ, ಪ್ಯಾಂಟಿಗೆ ಎಷ್ಟು ತೂತು?"
ಎರಡು, ಅಂದೆ.

ಗದ್ದಲವೋ ಗದ್ದಲ.
ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಗಾಳಿಯಲ್ಲಿ ಎಣಿಸಿತು:
ನಡ ಒಂದು, ಕಾಲು ಎರಡು.
ನಾನು ದಾರ ತಗೊಂಡೆ.
ಎಡಗಾಲಿಗೆ ಒಂದು ಸುತ್ತು, ಬಲಗಾಲಿಗೆ ಒಂದು,
ಎರಡನ್ನೂ ಮೇಲೆ ಸರಿಸಿ
ಕವಲಿನಲ್ಲಿ ಕೂಡಿಸಿದೆ.
ನಡದ ಸುತ್ತು ತಾನಾಗಿ ಬಂತು.
ಮೂರನೆಯದು ಬೇರೆಯಲ್ಲ ಮಾಸ್ತರ್, ಆ ಎರಡರ ಮೊತ್ತ.

"ಜೇಬು?"
ತಳ ಇದ್ದರೆ ಅದು ಬರೀ ತಗ್ಗು,
ಒತ್ತಿದರೆ ಸಪಾಟು.
"ನಂದು ನೋಡಿಲ್ಲಿ, ತಳಾನೇ ಇಲ್ಲ"
ಎಂದು ಬೆರಳು ತೂರಿಸಿ ತೋರಿಸಿದ.
ಹಾಗಿದ್ದರೆ ಒಂದು ಸೇರಿಸಿ.
ಬೆಲ್ಟಿನ ಲೂಪು ಐದು, ಕಾಜ ಒಂದು,
ಗುಂಡಿ ಹಾಕಿ ಜಿಪ್ಪು ಮರೆತವನಿಗೆ ಇನ್ನೊಂದು.
ಹೆಲ್ಪರ್ ಹುಡುಗ ಥಟ್ಟನೆ ಕೆಳಗೆ ನೋಡಿಕೊಂಡ.

ಇದು ಆಟ. ನನ್ನ ಕೆಲಸ ಬೇರೆ:
ಓಡುತ್ತಿರುವ ಲೆಕ್ಕವೊಂದು
ನಿಂತರೆ, ನಿಂತಿತು ಎಂದು ತಿಳಿಯುತ್ತದೆ.
ನಿಲ್ಲದಿದ್ದರೆ
ಇನ್ನು ನಿಲ್ಲುವುದೇ ಇಲ್ಲ ಎಂದು
ಯಾವ ಗಳಿಗೆಯಲ್ಲಿ ಹೇಳುವುದು?
ಇಂಥದ್ದನ್ನು ನಾವು ತೆರೆದ ಗಣ ಅನ್ನುತ್ತೇವೆ.
ನಿಜವಾದರೆ ಒಂದು ದಿನ ಬಾಗಿಲು ತಟ್ಟುತ್ತದೆ,
ಸುಳ್ಳಾದರೆ
ತಟ್ಟದಿರುವ ಸದ್ದು ಯಾರಿಗೂ ಕೇಳುವುದಿಲ್ಲ.

ಅಂದು ರಾತ್ರಿ ಅಬ್ಬಾನ ಖಾತೆ ಪುಸ್ತಕ ಬಿಡಿಸಿದೆ.
ಸೋಲಾಪುರದ ವ್ಯಾಪಾರಿ, ಎರಡು ಸಾವಿರ ಪೀಸು, ನಾಲ್ಕನೇ ವರ್ಷ.
ಎರಡು ಕಾಲಂ. ಒಂದರ ತಲೆಯ ಮೇಲೆ 'ಬಂತು'.
ಇನ್ನೊಂದರ ಮೇಲೆ ಏನೂ ಇಲ್ಲ.
'ಬರಲಿಲ್ಲ' ಅಂತ ಯಾಕೆ ಬರೆದಿಲ್ಲ?
ಕನ್ನಡಕ ಅಂಗಿಯ ತುದಿಗೆ ಒರೆಸುತ್ತ ಹೇಳಿದ:
"ಹಂಗ ಬರೆಯಾಕ ನಾನ್ಯಾರು?
ದಿನ ಇನ್ನೂ ಮುಗಿದಿಲ್ಲಲ್ಲ."

ಕೈಗೆ ಪುರಾವೆ ಸಿಗುವತನಕ ಬಾಯಿ ಬಿಡದ ತರ್ಕ,
ಅದರ ಮೇಲೇ ನನ್ನ ಪ್ರಬಂಧ.
ಆದರೂ ಐದನೇ ಅಧ್ಯಾಯದಲ್ಲಿ, ಸುಸ್ತಾಗಿದ್ದ ಒಂದು ಸಂಜೆ,
ಒಂದೋ ಹೌದು, ಅಲ್ಲವಾದರೆ ಇಲ್ಲ
ಎಂದು ಕವಲು ಮಾಡಿ ನುಣುಚಿದ್ದೆ.
ಗೈಡ್ ಹಿಡಿಯಲಿಲ್ಲ,
ನಾಲ್ಕು ಸಲ ತಿದ್ದಿದ ನಾನೂ ಹಿಡಿದಿರಲಿಲ್ಲ.
ಆ ಖಾಲಿ ತಲೆಬರಹ ಹಿಡಿಯಿತು.
ಹದಿನಾಲ್ಕು ಪುಟ ಹೋದವು.

ಬೆಳಿಗ್ಗೆ ಮೋರಿ ನೀಲಿ.
ಹೋದ ಪುಟಗಳ ಬೆನ್ನಿಗೆ ತಿಪ್ಪೇರುದ್ರ
ಮೂವತ್ತೆರಡರ ನಡದ ಅಳತೆ ಬರೆದುಕೊಳ್ಳುತ್ತಿದ್ದ.
ಅಮ್ಮಿ ದಿನದಂತೆ ಚಹಾ ಇಟ್ಟು ಕೇಳಿದಳು,
ಸೋಲಾಪುರದಿಂದ ಫೋನು?

"ಇನ್ನೂ..." ಅಂದ ಅಬ್ಬಾ.
ಮಾತು ಅಲ್ಲಿಗೇ ಬಿಟ್ಟು
ದಾರದ ತುದಿ ನಾಲಿಗೆಗೆ ತಾಗಿಸಿ
ಸೂಜಿಯ ಕಣ್ಣಿಗೆ ಹಿಡಿದ.