ಐದು ಗಂಟೆ ಸುಮ್ಮನೆ ಬಿಡಿ

ಮೂವತ್ತೆಂಟು ಅಂತ ತೋರಿಸುತ್ತಿತ್ತು,
ಉರ್ವ ಮಾರ್ಕೆಟ್ಟಿನ ಒದ್ದೆ ಕಟ್ಟೆಯ ಮೇಲೆ
ಲ್ಯಾಪ್‌ಟಾಪ್ ಇಟ್ಟು ನಾನು ವರದಿ ಬರೆಯುತ್ತಿದ್ದಾಗ.
ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪು.
ಕಪ್ಪಿನೊಳಗೆ ನನ್ನದೇ ಮುಖ,
ಹಿಂದೆ ಬುಟ್ಟಿ ತುಂಬ ಬಂಗುಡೆ,
ಸೆರಗಿನಲ್ಲಿ ನಗು ಅಡಗಿಸುವ ಬೇಬಿ ಮೆಂಡನ್.

"ನಮ್ಮ ತಕ್ಕಡಿಗೆ ಮುದ್ರೆ ಒತ್ತುವವರು ನೀವು,
ನಿಮ್ಮದಕ್ಕೆ ಒತ್ತುವವರು ಯಾರು ಮೇಡಂ?"

ಹಂಪನಕಟ್ಟೆಯಲ್ಲಿ ಛತ್ರಿ ಅಂಗಡಿಯ ಮಾಳಿಗೆ ಹತ್ತಿದೆ.
ಸಫ್ವಾನ್ ಅದನ್ನು ಬೋರಲು ಹಾಕಿ
ಬೆನ್ನು ತಡವಿದ. ಉಬ್ಬಿಲ್ಲ, ಪುಣ್ಯ.
"ಬ್ಯಾಟರಿ ಸತ್ತಿಲ್ಲ. ಲೆಕ್ಕ ತಪ್ಪಿದೆ ಅಷ್ಟೆ.
ಆಫೀಸಲ್ಲಿ ಹಗಲಿಡೀ ಚಾರ್ಜಿಗೆ ಸಿಕ್ಕಿಸಿ ಇಡ್ತೀರಲ್ಲ,
ಹಸಿವು ಅಂದ್ರೆ ಎಂತ ಅಂತ ಅದಕ್ಕೆ ಮರ್ತುಹೋಗಿದೆ.
ನೂರು ತುಂಬಿಸಿ. ಎರಡು ಗಂಟೆ ತಣಿಯಲಿ.
ವಯರ್ ಕಿತ್ತು ಪೂರ್ತಿ ಖಾಲಿ ಮಾಡಿ,
ತಾನಾಗಿ ಮಲಗುವವರೆಗೆ.
ಐದು ಗಂಟೆ ಸುಮ್ಮನೆ ಬಿಡಿ, ಮುಟ್ಟಬೇಡಿ.
ಮತ್ತೆ ತುಂಬಿಸುವಾಗ ನಡುವೆ ತೆಗೀಬಾರ್ದು."
ಇನ್ನೂರು ಕೊಟ್ಟೆ, ನೂರು ಹಿಂದೆ ತಳ್ಳಿದ.
"ವಾರ ವಾರ ಮಾಡ್ಬೇಡಿ ಮತ್ತೆ, ಅದೂ ಸವೆತವೇ."

ಶನಿವಾರ ರಾತ್ರಿ, ಬಿಜೈಯ ಬಾಡಿಗೆ ಕೋಣೆ.
ಖಾಲಿ ಮಾಡುವುದೂ ಒಂದು ಕೆಲಸ ಎಂದು ತಿಳಿದಿರಲಿಲ್ಲ.
ಬೆಳಕು ಪೂರ್ತಿ ಏರಿಸಿ
ಇಲಾಖೆಯ ತರಬೇತಿ ವಿಡಿಯೊ ಹಚ್ಚಿದೆ,
ಮೂರು ಗಂಟೆಯದ್ದು, ಯಾರೂ ಕೊನೆ ಮುಟ್ಟಿಸದ್ದು.
ಹಿತ್ತಾಳೆಯ ಬಟ್ಟನ್ನು ಚಿಮಟದಲ್ಲಿ ಎತ್ತುತ್ತಾರೆ;
ಬರಿಗೈಯಲ್ಲಿ ಮುಟ್ಟಬಾರದು,
ಬೆರಳಿನ ಬೆವರಿಗೂ ತೂಕ ಉಂಟು.
ತೊಂಬತ್ತು. ಎಪ್ಪತ್ತಮೂರು.
ಬಸ್‌ಸ್ಟ್ಯಾಂಡಿನಿಂದ ಕೊನೆಯ ಬಸ್ಸೊಂದು
ಕೆಮ್ಮಿ ಹೊರಟಿತು. ಐವತ್ತು.
ಮೂವತ್ತೆಂಟಕ್ಕೆ ನಾನು ಎದ್ದು ಕೂತೆ.

ಮೂವತ್ತೇಳು ಬರಲಿಲ್ಲ.
ಏಳು ಬಂತು, ಮೆಟ್ಟಿಲು ತಪ್ಪಿದವರ ಹಾಗೆ,
ಆ ಏಳರಲ್ಲೇ ನಲವತ್ತು ನಿಮಿಷ
ಎದೆ ಹಿಡಿದು ಕೂತಿತು.
ಆಮೇಲೆ ಮಲಗಿತು.

ಐದು ಗಂಟೆ.
ನನಗೆ ಮಾತ್ರ ನಿದ್ದೆ ಇಲ್ಲ.

ಆ ದಿನ ಬೇಬಿಯಕ್ಕನ ತಕ್ಕಡಿಯ ಮೇಲೆ
ನನ್ನ ಒಂದು ಕಿಲೋ ಬಟ್ಟು ಇಟ್ಟಿದ್ದೆ.
ಒಂಬೈನೂರ ಅರವತ್ತು ಎಂದಿತು.
ಇನ್ನೊಮ್ಮೆ ಇಟ್ಟೆ. ಒಂಬೈನೂರ ಅರವತ್ತು.
ಮುದ್ರೆಯ ಅವಧಿ ಮುಗಿದು ಮೂರು ವರ್ಷ;
ಅಷ್ಟೂ ದಿನ, ಪ್ರತಿ ಕಿಲೋಗೆ ನಲವತ್ತು ಗ್ರಾಮು
ಅವಳ ಬುಟ್ಟಿಯಿಂದ ಊರಿನ ಚೀಲಗಳಿಗೆ.
ತುಳುವಿನಲ್ಲಿ, ತುಟಿಯಲ್ಲೇ, ಬೆರಳು ಮಡಚಿ
ಏನೋ ಕೂಡಿದಳು, ಮಧ್ಯದಲ್ಲೇ ಬಿಟ್ಟಳು.
ದಂಡದ ರಶೀದಿ ಹರಿದುಕೊಟ್ಟೆ.
ತಪ್ಪು ಯಾವ ಕಡೆಗೆ ವಾಲಿತ್ತು ಎಂದು
ರಶೀದಿಯಲ್ಲಿ ಜಾಗವಿಲ್ಲ.

"ದಂಡ ಕಟ್ತೇನೆ, ಸರಿಯೂ ಮಾಡಿಸ್ತೇನೆ," ಅಂದಳು,
"ಆದ್ರೆ ಬಂದವರೆಲ್ಲ ಹೇಳ್ತಿದ್ರು
ಬೇಬಿಯಕ್ಕನ ಕೈ ದೊಡ್ಡದು ಅಂತ.
ಅದೂ ತಕ್ಕಡಿದ್ದಾ ಮೇಡಂ?"

ಆಗಲೇ ಪರದೆ ಕಪ್ಪಾದದ್ದು.
ಉತ್ತರ ಕೊಡದೆ ತಪ್ಪಿಸಿಕೊಂಡೆ.

ಬೆಳಿಗ್ಗೆ ಸಿಕ್ಕಿಸಿದೆ. ಸಣ್ಣ ಹಳದಿ ದೀಪ.
ಎರಡು ಸಲ ಕರೆಂಟು ಹೋಗಬಹುದೆಂದು ಹೆದರಿದೆ, ಹೋಗಲಿಲ್ಲ.
ತುಂಬಿದ ಮೇಲೆ ಒಳಗಿನ ಲೆಕ್ಕ ತೆರೆದು ನೋಡಿದರೆ
ಹೊಸದಿದ್ದಾಗಿನ ನೂರರಲ್ಲಿ ಉಳಿದದ್ದು ಅರವತ್ತೊಂದು.
ಕಸುವೇನೂ ಮರಳಿಲ್ಲ.
ಇದ್ದಷ್ಟನ್ನು ಇದ್ದಷ್ಟೇ ಎನ್ನಲು ಕಲಿತಿದೆ.

ಬುಧವಾರ ಮತ್ತೆ ಉರ್ವ.
ತಕ್ಕಡಿಯ ಕೊರಳಿಗೆ ಹೊಸ ತಂತಿ, ಸೀಸದ ಬಿಲ್ಲೆ;
ಮುದ್ರೆ ಒತ್ತಿದೆ, ಒಂದು ಕಿಲೋಗೆ ಒಂದು ಕಿಲೋ.
ಸರತಿಯಲ್ಲಿ ರೇಷನ್ ಚೀಲ ಹಿಡಿದ ಒಬ್ಬ ಮುದುಕ.
ಬೇಬಿಯಕ್ಕ ತೂಗಿದಳು. ಸಾವಿರ, ಸರಿಯಾಗಿ ಸಾವಿರ.
ಮೀನು ಚೀಲಕ್ಕೆ ಸುರಿದು, ತಕ್ಕಡಿ ಬರಿದಾದ ಮೇಲೆ
ಬುಟ್ಟಿಗೆ ಕೈ ಹಾಕಿ
ಒಂದು ಬಂಗುಡೆ ಎತ್ತಿ ಎಸೆದಳು ಅದರೊಳಗೆ,
ನನ್ನ ಕಡೆ ನೋಡದೆ.

ನಾನು ವರದಿ ಬರೆಯುತ್ತಿದ್ದೆ.
ಮೂಲೆಯಲ್ಲಿ ಮೂವತ್ತೆಂಟು.
ಸ್ವಲ್ಪ ಹೊತ್ತಿನ ಮೇಲೆ,
ಮೂವತ್ತೇಳು.